ಕಿವಿಗೆ ಸಿಕ್ಕ ದೋಷ: ಹಳೆಯ ಲಿಫ್ಟಿನ ಸದ್ದುಗಳೂ ಕನ್ನಡದ ಅನುಕರಣಾವ್ಯಯಗಳೂ

ಪೀಠಿಕೆ

ಅವ್ಯಯಗಳ ಪಾಠದಲ್ಲಿ ಅನುಕರಣಾವ್ಯಯಕ್ಕೆ ಸಿಗುವ ಸ್ಥಳ ಸಾಮಾನ್ಯವಾಗಿ ಅರ್ಧ ಪುಟ. ಪಟಪಟ, ಸರಸರ, ಧಗಧಗ, ದಬದಬ ಎಂಬ ನಾಲ್ಕಾರು ಉದಾಹರಣೆಗಳನ್ನು ಬರೆದುಕೊಂಡು, ಅರ್ಥವಿಲ್ಲದ ಧ್ವನಿವಿಶೇಷಗಳನ್ನು ಕೇಳಿದಂತೆ ಅನುಕರಿಸಿ ಹೇಳುವ ಪದಗಳಿವು ಎಂಬ ಲಕ್ಷಣವನ್ನು ಬಾಯಿಪಾಠ ಮಾಡಿದರೆ ಪಾಠ ಮುಗಿಯಿತೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಮಳೆ, ಗಾಳಿ, ಬೆಂಕಿ, ಹೆಜ್ಜೆಗಳ ವರ್ಣನೆಗೆ ಇವು ಒದಗುತ್ತವೆ, ಕಾವ್ಯಕ್ಕೆ ಸೊಗಸು ಕೊಡುತ್ತವೆ ಎಂಬುದು ನಿಜ. ಆದರೆ ಒಂದು ಸದ್ದಿಗೂ ಇನ್ನೊಂದು ಸದ್ದಿಗೂ ಇರುವ ಸೂಕ್ಷ್ಮ ವ್ಯತ್ಯಾಸವೇ ಮನುಷ್ಯರ ಸುರಕ್ಷತೆಯನ್ನು ನಿರ್ಧರಿಸುವ ಕೆಲಸಗಳೂ ಲೋಕದಲ್ಲಿವೆ. ಅಂಥ ಕೆಲಸದಲ್ಲಿ ಈ ಪದಗಳು ಅಲಂಕಾರವಾಗಿ ಉಳಿಯದೆ ಅಳತೆಗೋಲಾಗಬಲ್ಲವು. ಹಳೆಯ ಲಿಫ್ಟುಗಳ ನಿಯಂತ್ರಣ ಫಲಕದ ದೋಷಗಳನ್ನು ಸದ್ದಿನಿಂದ ಗುರುತಿಸುವ ಕಸುಬನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರದ ಪರಿಚಯ

ಜನರನ್ನು ಹೊತ್ತೊಯ್ಯುವ ಲಿಫ್ಟು 1857ರಲ್ಲಿ ನ್ಯೂಯಾರ್ಕ್ ನಗರದ ಅಂಗಡಿಯ ಕಟ್ಟಡವೊಂದರಲ್ಲಿ ಬಳಕೆಗೆ ಬಂದಿತು. ಅದನ್ನು ನಡೆಸುತ್ತಿದ್ದುದು ಉಗಿಯ ಶಕ್ತಿ. 1880ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ವರ್ನರ್ ಫಾನ್ ಸೀಮೆನ್ಸ್ ವಿದ್ಯುತ್ತಿನಿಂದ ನಡೆಯುವ ಲಿಫ್ಟನ್ನು ಪ್ರದರ್ಶಿಸಿದನು. ಮುಂದೆ ಗುಂಡಿಯೊತ್ತಿದರೆ ತಾನಾಗಿ ಬಂದು ನಿಲ್ಲುವ ಲಿಫ್ಟುಗಳು ರೂಢಿಗೆ ಬಂದಾಗ, ಯಾವ ಮಹಡಿಗೆ ಹೋಗಬೇಕು, ಮೇಲಕ್ಕೋ ಕೆಳಕ್ಕೋ, ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದನ್ನೆಲ್ಲ ನಿರ್ಧರಿಸುವ ಹೊಣೆ ರಿಲೇಗಳ ಮೇಲೆ ಬಿದ್ದಿತು. ಕಂಪ್ಯೂಟರಿನ ಬಿಲ್ಲೆಗಳು ಈ ಕೆಲಸವನ್ನು ವಹಿಸಿಕೊಳ್ಳುವವರೆಗೆ, ಅಂದರೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ, ರಿಲೇ ಫಲಕವೇ ಲಿಫ್ಟಿನ ಬುದ್ಧಿಯಾಗಿತ್ತು. ಅಂಥ ಫಲಕಗಳು ಹಳೆಯ ಕಟ್ಟಡಗಳಲ್ಲಿ ಇಂದಿಗೂ ದುಡಿಯುತ್ತಿವೆ.

ರಿಲೇಯ ರಚನೆ ಸರಳ. ಕಬ್ಬಿಣದ ತಿರುಳಿಗೆ ತಂತಿಯ ಸುರುಳಿಯನ್ನು ಸುತ್ತಿರುತ್ತಾರೆ. ಇದಕ್ಕೆ ಕಸುಬಿನವರು ಕಾಯಿಲ್ ಎನ್ನುತ್ತಾರೆ. ಅದರಲ್ಲಿ ವಿದ್ಯುತ್ ಹರಿದಾಗ ತಿರುಳು ಅಯಸ್ಕಾಂತವಾಗಿ ಎದುರಿನ ಚಲಿಸುವ ಕಬ್ಬಿಣದ ತುಂಡನ್ನು ಸೆಳೆಯುತ್ತದೆ. ಆ ತುಂಡು ತನ್ನೊಡನೆ ಸಂಪರ್ಕ ಬಿಂದುಗಳನ್ನು ಕೂಡಿಸುತ್ತದೆ ಅಥವಾ ಬಿಡಿಸುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗು ಅದನ್ನು ಮೊದಲಿನ ಸ್ಥಾನಕ್ಕೆ ಒಯ್ಯುತ್ತದೆ. ಮೋಟಾರಿನಷ್ಟು ದೊಡ್ಡ ಹೊರೆಯನ್ನು ನಿಭಾಯಿಸುವ ದೊಡ್ಡ ರಿಲೇಗೆ ಕಾಂಟ್ಯಾಕ್ಟರ್ ಎಂದು ಹೆಸರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಿಲೇಯ ಪ್ರತಿಯೊಂದು ತೀರ್ಮಾನವೂ ಒಂದು ಚಲನೆ. ಪ್ರತಿಯೊಂದು ಚಲನೆಯೂ ಲೋಹಕ್ಕೆ ಲೋಹ ತಾಗುವ ಒಂದು ಸದ್ದು. ಹೊಸ ಬಿಲ್ಲೆ ತನ್ನ ತೀರ್ಮಾನಗಳನ್ನು ಮೌನವಾಗಿ ಕೈಗೊಳ್ಳುತ್ತದೆ. ಹಳೆಯ ಫಲಕವಾದರೋ ತಾನು ಮಾಡುತ್ತಿರುವುದನ್ನು ಒಂದೊಂದಾಗಿ ಹೇಳುತ್ತಲೇ ಇರುತ್ತದೆ. ಆ ಮಾತನ್ನು ತಿಳಿದವರಿಗೆ ಅದು ತಪ್ಪಿದ ಸ್ಥಳವೂ ತಿಳಿಯುತ್ತದೆ.

ಸರಿಯಾದ ನಡೆಯ ಸದ್ದು

ದೋಷವನ್ನು ಗುರುತಿಸುವ ಮೊದಲು ನಿರ್ದೋಷವಾದ ನಡೆಯನ್ನು ಕೇಳಿರಬೇಕು. ಕಟ್ಟಡದ ನೆತ್ತಿಯ ಯಂತ್ರದ ಕೋಣೆಯಲ್ಲಿ ನಿಂತವನಿಗೆ, ಎರಡು ವೇಗಗಳ ಸಾಧಾರಣ ಲಿಫ್ಟು ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕೇಳಿಸುವ ಕ್ರಮ ಸ್ಥೂಲವಾಗಿ ಹೀಗಿರುತ್ತದೆ.

ಕೆಳಗೆ ಯಾರೋ ಗುಂಡಿಯೊತ್ತಿದರೆ ಚಿಕ್ಕ ರಿಲೇಯೊಂದು ಟಿಕ್ಕೆನ್ನುತ್ತದೆ, ಕರೆ ದಾಖಲಾಯಿತು. ಬಾಗಿಲು ಮುಚ್ಚಿ ಅದರ ಬೀಗ ಕೂಡಿದಾಗ ಇನ್ನೊಂದು ಟಿಕ್. ಹೊರಡಲು ಅನುಮತಿ ದೊರೆಯಿತು. ಮೇಲಿನ ಅಥವಾ ಕೆಳಗಿನ ದಿಕ್ಕಿನ ಕಾಂಟ್ಯಾಕ್ಟರ್ ಢಕ್ಕೆಂದು ಕೂಡುತ್ತದೆ. ಅದರ ಬೆನ್ನಿಗೇ ಬ್ರೇಕಿನ ಅಯಸ್ಕಾಂತ ಠಕ್ಕೆಂದು ಬ್ರೇಕಿನ ಹಿಡಿತವನ್ನು ಬಿಡಿಸುತ್ತದೆ. ಮೋಟಾರಿನ ಗುಂಕಾರ ಏರಿ ಒಂದು ಸ್ಥಾಯಿಯಲ್ಲಿ ನೆಲೆಗೊಳ್ಳುತ್ತದೆ. ದಾಟುವ ಪ್ರತಿ ಮಹಡಿಗೂ ಒಂದೊಂದು ಟಿಕ್. ಇಳಿಯಬೇಕಾದ ಮಹಡಿ ಸಮೀಪಿಸಿದಾಗ ವೇಗದ ಕಾಂಟ್ಯಾಕ್ಟರ್ ಬಿಟ್ಟು ನಿಧಾನದ ಕಾಂಟ್ಯಾಕ್ಟರ್ ಕೂಡುವ ಜೋಡಿ ಸದ್ದು. ಗುಂಕಾರದ ಸ್ಥಾಯಿ ಇಳಿಯುತ್ತದೆ. ಕೊನೆಗೆ ದಿಕ್ಕಿನ ಕಾಂಟ್ಯಾಕ್ಟರ್ ಟಪ್ಪೆಂದು ಬಿಡುತ್ತದೆ, ಬ್ರೇಕು ದಡ್ಡೆಂದು ಬಿಗಿಯುತ್ತದೆ. ಆಮೇಲೆ ಮೌನ.

ಕಾಂಟ್ಯಾಕ್ಟರ್ ಕೂಡುವಾಗಿನ ಸದ್ದೂ ಬಿಡುವಾಗಿನ ಸದ್ದೂ ಒಂದೇ ಅಲ್ಲ. ಕೂಡುವಾಗ ಅಯಸ್ಕಾಂತದ ಬಲದಿಂದ ಕಬ್ಬಿಣ ಕಬ್ಬಿಣವನ್ನು ಹೊಡೆಯುತ್ತದೆ; ಸದ್ದು ಗಟ್ಟಿ. ಬಿಡುವಾಗ ಸ್ಪ್ರಿಂಗು ಅದನ್ನು ಹಿಂದಕ್ಕೊಯ್ದು ತಡೆಗೆ ತಾಗಿಸುತ್ತದೆ, ಸದ್ದು ಸಡಿಲ. ಈ ವ್ಯತ್ಯಾಸವನ್ನು ಬಲ್ಲ ಕಿವಿ, ಕಣ್ಣು ಬೇರೆಡೆ ಇದ್ದಾಗಲೂ ಫಲಕದ ಸ್ಥಿತಿಯನ್ನು ಬಲ್ಲದು. ಲಿಫ್ಟು ಹೊರಡದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆಯೂ ಇದರಿಂದಲೇ ಸ್ಪಷ್ಟವಾಗುತ್ತದೆ: ಈ ಸಾಲಿನಲ್ಲಿ ಕೊನೆಗೆ ಕೇಳಿಸಿದ ಸದ್ದು ಯಾವುದು? ಕರೆಯ ಟಿಕ್ ಕೇಳಿಸಿ ಬಾಗಿಲಿನ ಟಿಕ್ ಕೇಳಿಸದಿದ್ದರೆ ಹುಡುಕಬೇಕಾದುದು ಬಾಗಿಲಿನ ಬೀಗದ ಕಡೆ. ಢಕ್ ಮತ್ತು ಠಕ್ ಎರಡೂ ಕೇಳಿಸಿ ಮೋಟಾರು ತಿರುಗದೆ ಗೊಂ ಎಂದು ನರಳಿದರೆ ಮೂರು ಫೇಸುಗಳಲ್ಲಿ ಒಂದು ತಪ್ಪಿರುವ ಸಂಭವವಿದೆ. ಮೋಟಾರು ನರಳುತ್ತಿದ್ದು ಬ್ರೇಕಿನ ಠಕ್ ಮಾತ್ರ ಕೇಳಿಸದಿದ್ದರೆ ಬ್ರೇಕಿನ ಕಾಯಿಲ್ಲನ್ನೂ ಅದಕ್ಕೆ ಬರುವ ವಿದ್ಯುತ್ತನ್ನೂ ಮೊದಲು ಪರೀಕ್ಷಿಸಬೇಕು. ಒಂದೇ ಒಂದು ಸದ್ದಿನ ಇರವು ಅಥವಾ ಇಲ್ಲದಿರುವಿಕೆ ಶೋಧದ ದಿಕ್ಕನ್ನೇ ಬದಲಿಸುತ್ತದೆ.

ಸದ್ದಿಗೆ ಪದ: ಒಂದು ವೈದ್ಯಕೀಯ ನಿದರ್ಶನ

ಕೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸಬೇಕಾದಾಗ ಪದಗಳು ಬೇಕಾಗುತ್ತವೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಸ್ಟೆತೊಸ್ಕೋಪನ್ನು ರೂಪಿಸಿದನು. ಮೂರು ವರ್ಷಗಳ ತರುವಾಯ, 1819ರಲ್ಲಿ, ಎದೆಯ ಸದ್ದುಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಕೊಳವೆಯನ್ನು ಕಂಡುಹಿಡಿದುದಷ್ಟೇ ಅವನ ಸಾಧನೆಯಲ್ಲ. ಎದೆಯೊಳಗಿನ ಸದ್ದುಗಳನ್ನು ವಿಂಗಡಿಸಿ, ಒಂದೊಂದಕ್ಕೂ ಹೆಸರಿಟ್ಟು, ಈ ಸದ್ದು ಈ ರೋಗದ ಲಕ್ಷಣ ಎಂದು ಹೊಂದಿಸಿ ತೋರಿಸಿದುದು ಅದಕ್ಕಿಂತ ಹಿರಿದು. ಹೆಸರು ಸ್ಥಿರವಾದ ಮೇಲೆಯೇ ಒಬ್ಬ ವೈದ್ಯನ ಕಿವಿಯ ಅನುಭವ ಇನ್ನೊಬ್ಬನ ವಿದ್ಯೆಯಾಯಿತು. ಲಿಫ್ಟಿನ ಕಸುಬಿಗೂ ಇದೇ ಮಾತು ಸಲ್ಲುತ್ತದೆ. 'ಏನೋ ಸದ್ದು ಬರುತ್ತಿದೆ' ಎಂಬ ದೂರಿನಿಂದ ಏನೂ ತಿಳಿಯದು. ಆ ಸದ್ದು ಒಮ್ಮೆ ಬಂದಿತೋ, ಮತ್ತೆ ಮತ್ತೆ ಬಂದಿತೋ, ಎಡೆಬಿಡದೆ ಇದ್ದಿತೋ ಎಂಬುದೇ ಮುಖ್ಯ.

ಕನ್ನಡದ ಅನುಕರಣ ಪದಗಳು ಈ ಮೂರು ಸ್ಥಿತಿಗಳನ್ನು ತಮ್ಮ ರೂಪದಲ್ಲಿಯೇ ಬೇರ್ಪಡಿಸುತ್ತವೆ. ಮೊದಲನೆಯದು, ಒಮ್ಮೆ ಹುಟ್ಟಿ ಅಡಗುವ ಸದ್ದು: ಟಕ್, ಟಪ್, ದಡ್. ಹೊಸಗನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತವಾಗಿರುವಾಗ ಇವು ವ್ಯಂಜನದಲ್ಲಿ ನಿಲ್ಲುತ್ತವೆ. ಸದ್ದು ಕಡಿದು ನಿಂತಂತೆ ಪದವೂ ಕಡಿದು ನಿಲ್ಲುತ್ತದೆ. 'ಎಂದು' ಅಥವಾ 'ಅನೆ' ಸೇರಿದಾಗ ಕೊನೆಯ ವ್ಯಂಜನ ದ್ವಿತ್ವ ಹೊಂದಿ ಟಕ್ಕೆಂದು, ಟಕ್ಕನೆ ಎಂದಾಗುತ್ತದೆ. ಎರಡನೆಯದು, ಮರುಕಳಿಸುವ ಸದ್ದು: ಕಟಕಟ, ಚಟಚಟ, ಪಟಪಟ. ಇದನ್ನು ದ್ವಿರುಕ್ತಿಯೊಡನೆ ಬೆರೆಸಬಾರದು. 'ಬೇಗಬೇಗ' ಎಂಬ ದ್ವಿರುಕ್ತಿಯಲ್ಲಿ ಬಿಡಿಯಾದ 'ಬೇಗ' ಎಂಬುದಕ್ಕೂ ಅರ್ಥವಿದೆ. 'ಚಟಚಟ' ಎಂಬಲ್ಲಿ ಇಡಿಯ ಜೋಡಿಯೇ ಸದ್ದಿನ ಚಿತ್ರ. ಮೂರನೆಯದು, ಎಡೆಬಿಡದ ಸದ್ದು: ಗುಂಯ್, ಜುಂ, ಗೊಂ, ಟರ್ರ್. ಇವುಗಳಲ್ಲಿ ಅನುನಾಸಿಕವೋ ರೇಫವೋ ಎಳೆದು ನಿಲ್ಲುತ್ತದೆ. ಗುಂಯ್‌ಗುಡು ಎಂಬಂಥ ಕ್ರಿಯಾಪದಗಳೂ ಇವುಗಳಿಂದ ಆಗುತ್ತವೆ.

ಸ್ವರವ್ಯಂಜನಗಳ ಆಯ್ಕೆಯೂ ಅರ್ಥವನ್ನು ಹೊರುತ್ತದೆ. ಟಿಕ್ ಎಂಬಲ್ಲಿನ ಇಕಾರ ಚಿಕ್ಕ ವಸ್ತುವನ್ನೂ, ಟಕ್ ಎಂಬಲ್ಲಿನ ಅಕಾರ ಅದಕ್ಕಿಂತ ದೊಡ್ಡದನ್ನೂ, ಗೊಂ ಎಂಬಲ್ಲಿನ ಒಕಾರ ಭಾರವಾದ ಆಳದ ಸದ್ದನ್ನೂ ಸೂಚಿಸುತ್ತವೆ. ಟಕಾರ ಢಕಾರವಾದಾಗ ಏಟಿನ ತೂಕ ಹೆಚ್ಚುತ್ತದೆ. ಚಿಕ್ಕ ರಿಲೇಗೆ ಟಿಕ್, ಕಾಂಟ್ಯಾಕ್ಟರಿಗೆ ಢಕ್, ಬ್ರೇಕಿನ ಬಿಗಿತಕ್ಕೆ ದಡ್ ಎಂದು ಮೇಲೆ ಬಳಸಿದುದರಲ್ಲಿ ಈ ಕ್ರಮವಿದೆ.

ದೋಷಗಳ ಸದ್ದು

ಈ ಪದಗಳ ನೆರವಿನಿಂದ ಸಾಮಾನ್ಯವಾದ ಕೆಲವು ದೋಷಗಳನ್ನು ವಿವರಿಸಬಹುದು.

1. ಗುಂಯ್‌ಗುಡುವ ಕಾಂಟ್ಯಾಕ್ಟರ್: ನಮ್ಮ ದೇಶದ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿ ಎರಡು ಸಲ ಪ್ರವಾಹ ಸೊನ್ನೆಗೆ ಇಳಿಯುವುದರಿಂದ, ಅಯಸ್ಕಾಂತದ ಸೆಳೆತವೂ ಸೆಕೆಂಡಿಗೆ 100 ಸಲ ಕುಂದುತ್ತದೆ. ಆ ಕ್ಷಣಗಳಲ್ಲಿ ಹಿಡಿತ ತಪ್ಪದಿರಲೆಂದು ತಿರುಳಿನ ಮುಖದಲ್ಲಿ ತಾಮ್ರದ ಸಣ್ಣ ಬಳೆಯೊಂದನ್ನು ಕೂಡಿಸಿರುತ್ತಾರೆ. ಅದರಲ್ಲಿ ಹುಟ್ಟುವ ಪ್ರವಾಹ ಸ್ವಲ್ಪ ತಡವಾಗಿ ತನ್ನದೇ ಸೆಳೆತವನ್ನು ಕೊಟ್ಟು ನಡುವಿನ ತೆರಪನ್ನು ತುಂಬುತ್ತದೆ. ಈ ಬಳೆ ಸೀಳಿದರೆ, ಅಥವಾ ತಿರುಳಿನ ಮುಖಗಳ ನಡುವೆ ಧೂಳು, ತುಕ್ಕು ಸೇರಿದರೆ, ಕಬ್ಬಿಣದ ತುಂಡು ಪೂರ್ಣವಾಗಿ ಕೂಡದೆ ನಡುಗುತ್ತ ಗುಂಯ್‌ಗುಡುತ್ತದೆ. ಪೂರ್ಣವಾಗಿ ಕೂಡದ ಕಾಯಿಲ್ಲು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಕಾಯುತ್ತದೆ, ನಿರ್ಲಕ್ಷಿಸಿದರೆ ಸುಟ್ಟುಹೋಗುತ್ತದೆ.

2. ಕಟಕಟಿಸುವ ಕಾಂಟ್ಯಾಕ್ಟರ್: ಇದು ಗುಂಯ್‌ಗುಡುವಿಕೆಗಿಂತ ಬೇರೆ. ಇಲ್ಲಿ ತುಂಡು ಪೂರ್ಣವಾಗಿ ಬಿಟ್ಟು ಮತ್ತೆ ಕೂಡುತ್ತಿದೆ. ವಿದ್ಯುತ್ತಿನ ಒತ್ತಡ ಕುಸಿದಿರುವುದು, ತಂತಿಯ ತುದಿ ಸಡಿಲಾಗಿರುವುದು, ಕಾಯಿಲ್ಲಿಗೆ ವಿದ್ಯುತ್ ಒಯ್ಯುವ ಸಾಲಿನ ಯಾವುದೋ ಸಂಪರ್ಕ ಅದಿರುತ್ತಿರುವುದು ಇದಕ್ಕೆ ಕಾರಣಗಳು. ಪ್ರತಿ 'ಕಟ'ಕ್ಕೂ ಸಂಪರ್ಕ ಬಿಂದುಗಳ ನಡುವೆ ಕಿಡಿ ಹಾರುವುದರಿಂದ ಅವು ಬೇಗನೆ ಸವೆಯುತ್ತವೆ.

3. ತಡವಾದ ಟಪ್: ಕಾಂಟ್ಯಾಕ್ಟರ್ ಬಿಡಬೇಕಾದ ಗಳಿಗೆಗೆ ಬಿಡದೆ ಒಂದಿಷ್ಟು ತಡೆದು ಬಿಡುವುದುಂಟು. ತಿರುಳಿನಲ್ಲಿ ಅಯಸ್ಕಾಂತತೆ ಉಳಿದಿರುವುದೋ, ಮುಖಗಳಿಗೆ ಜಿಡ್ಡು ಅಂಟಿರುವುದೋ ಕಾರಣ. ಇದರ ಪರಿಣಾಮ ಕೆಳಗಿನ ಮಹಡಿಯಲ್ಲಿ ಕಾಣಿಸುತ್ತದೆ: ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲದೆ ಕೆಲವು ಅಂಗುಲ ಮುಂದೆ ಹೋಗಿ ನಿಲ್ಲುತ್ತದೆ. ಮುಪ್ಪಿನವರು ಎಡವುವುದು ಇಂಥಲ್ಲಿಯೇ.

4. ಚಟಚಟ, ಚರ್ರ್: ಸಡಿಲ ತಂತಿಯಲ್ಲೋ ಸವೆದ ಬಿಂದುವಿನಲ್ಲೋ ಕಿಡಿಯಾಡುವ ಸದ್ದು. ಇದರ ಜೊತೆಗೆ ಸುಟ್ಟ ವಾಸನೆಯೂ ಇದ್ದರೆ ಕೇಳುತ್ತ ನಿಲ್ಲುವ ಹೊತ್ತಲ್ಲ. ಕೂಡಲೆ ವಿದ್ಯುತ್ತನ್ನು ತಪ್ಪಿಸಬೇಕು.

5. ಬರಬೇಕಾದಲ್ಲಿ ಬಾರದ ಸದ್ದು: ಎಲ್ಲಕ್ಕಿಂತ ಭಯಂಕರವಾದುದು ಇದು. ಬಿಂದುಗಳು ಕಿಡಿಯ ಕಾವಿಗೆ ಕರಗಿ ಒಂದಕ್ಕೊಂದು ಬೆಸೆದುಕೊಂಡರೆ ಕಾಯಿಲ್ಲಿನ ವಿದ್ಯುತ್ ನಿಂತರೂ ಟಪ್ ಎಂಬ ಸದ್ದು ಬರುವುದಿಲ್ಲ. ಆ ಒಂದು ಕಾಂಟ್ಯಾಕ್ಟರನ್ನೇ ನಂಬಿದ್ದ ಲಿಫ್ಟು ನಿಲ್ಲಬೇಕಾದಲ್ಲಿ ನಿಲ್ಲದು. ಒಳ್ಳೆಯ ವಿನ್ಯಾಸದಲ್ಲಿ ಮೋಟಾರಿನ ವಿದ್ಯುತ್ತನ್ನು ಕಡಿಯಲು ಒಂದರ ಬದಲು ಎರಡು ಕಾಂಟ್ಯಾಕ್ಟರುಗಳನ್ನು ಸಾಲಾಗಿ ಇರಿಸುವುದು ಈ ಕಾರಣದಿಂದಲೇ.

ಒಂದು ನಿದರ್ಶನ

ನಾಲ್ಕು ಮಹಡಿಗಳ ಹಳೆಯ ಕಟ್ಟಡವೊಂದನ್ನು ಕಲ್ಪಿಸಿಕೊಳ್ಳಬಹುದು. ಲಿಫ್ಟು ಕೆಲವೊಮ್ಮೆ ಎರಡನೆಯ ಮಹಡಿಯ ಬಳಿ ಗಕ್ಕನೆ ನಿಲ್ಲುತ್ತದೆ. ಮತ್ತೆ ಗುಂಡಿಯೊತ್ತಿದರೆ ಏನೂ ಆಗದಂತೆ ಸಾಗುತ್ತದೆ. ದುರಸ್ತಿಗೆ ಬಂದವನು ಪರೀಕ್ಷಿಸುವಾಗ ಎಲ್ಲವೂ ಸರಿಯಾಗಿರುತ್ತದೆ. ಬಂದು ಹೋಗುವ ದೋಷದ ಸ್ವಭಾವವೇ ಹಾಗೆ.

ಅವನು ಫಲಕದ ಮುಂದೆ ನಿಂತು, ಲಿಫ್ಟನ್ನು ಮೇಲಕ್ಕೂ ಕೆಳಕ್ಕೂ ಹಲವು ಸಲ ಓಡಿಸಿ ಕಿವಿಗೊಡುತ್ತಾನೆ. ಟಿಕ್, ಟಿಕ್, ಢಕ್, ಠಕ್, ಗುಂಕಾರ; ಮೊದಲ ಮಹಡಿಯ ಟಿಕ್. ಆಮೇಲೆ ಎರಡನೆಯ ಮಹಡಿಯನ್ನು ದಾಟುವ ಗಳಿಗೆಗೆ, ನಿಧಾನದ ಜೋಡಿ ಸದ್ದು ಬಾರದೆಯೇ, ಬಾಗಿಲಿನ ರಿಲೇ ಒಮ್ಮೆ ಬಿಟ್ಟ ಸದ್ದು, ಅದರ ಬೆನ್ನಿಗೆ ಟಪ್ ಮತ್ತು ದಡ್. ಕ್ರಮವೇ ಉತ್ತರವನ್ನು ಹೇಳುತ್ತದೆ. ಮೊದಲು ಬಿಟ್ಟುದು ಬಾಗಿಲಿನ ರಿಲೇ. ಆದುದರಿಂದ ಮೋಟಾರು, ಬ್ರೇಕು, ದಿಕ್ಕಿನ ಕಾಂಟ್ಯಾಕ್ಟರು ನಿರ್ದೋಷಿಗಳು. ಅದೂ ಎರಡನೆಯ ಮಹಡಿಯ ಬಳಿಯೇ ಆದುದರಿಂದ ಹುಡುಕಬೇಕಾದುದು ಆ ಮಹಡಿಯ ಬಾಗಿಲಿನ ಬೀಗವನ್ನು. ಹೋಗಿ ನೋಡಿದರೆ, ಲಿಫ್ಟಿನ ಕೋಣೆಯನ್ನು ಹಳಿಯ ಮೇಲೆ ಹಿಡಿದಿಡುವ ಭಾಗಗಳು ಸವೆದು ಕೋಣೆ ತುಸು ಓಲಾಡುತ್ತಿದೆ. ಓಲಾಡಿದಾಗ ಅದರ ಬದಿಯ ಪಟ್ಟಿ ಬೀಗದ ಗಾಲಿಗೆ ಸವರಿ ಬೀಗದ ಸಂಪರ್ಕವನ್ನು ಕ್ಷಣಕಾಲ ತಪ್ಪಿಸುತ್ತಿದೆ.

ಇದಕ್ಕೆ ಎರಡು ಪರಿಹಾರಗಳಿವೆ. ಸವೆದ ಭಾಗಗಳನ್ನು ಬದಲಿಸಿ, ಪಟ್ಟಿ ಮತ್ತು ಗಾಲಿಯ ನಡುವಣ ಅಂತರವನ್ನು ಸರಿಪಡಿಸುವುದು ಒಂದು. ಅದಕ್ಕೆ ಸಮಯವೂ ಹಣವೂ ಬೇಕು. ಎರಡನೆಯದಕ್ಕೆ ಒಂದು ಗೇಣು ತಂತಿ ಸಾಕು: ಆ ಬೀಗದ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿಬಿಟ್ಟರೆ ಬಾಗಿಲಿನ ರಿಲೇ ಮತ್ತೆಂದೂ ನಡುವೆ ಬಿಡದು. ದೂರು ನಿಲ್ಲುತ್ತದೆ, ಲಿಫ್ಟು ಸೊಗಸಾಗಿ ಓಡುತ್ತದೆ. ಆದರೆ ಅಂದಿನಿಂದ ಎರಡನೆಯ ಮಹಡಿಯ ಬಾಗಿಲು ತೆರೆದಿದ್ದರೂ ಲಿಫ್ಟು ಹೊರಟೀತು. ತೆರೆದ ಬಾಗಿಲಿನಾಚೆ ಕೋಣೆಯಿಲ್ಲದ ಬರಿಯ ಬಾವಿ ಇದ್ದೀತು. ಕತ್ತಲಲ್ಲಿ ಹೆಜ್ಜೆಯಿಟ್ಟವನಿಗೆ ಅದು ತಿಳಿಯುವುದು ಬಿದ್ದ ಮೇಲೆ.

ಕಿವಿಯ ಮಿತಿ

ಈ ನಿದರ್ಶನ ಸದ್ದಿನ ವಿದ್ಯೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಬೀಗ ತಪ್ಪಿದಾಗ ಫಲಕ ಹೇಳಿತು. ಆದರೆ ಬೀಗಕ್ಕೆ ಕಟ್ಟಿದ ತಂತಿಗೆ ಸದ್ದಿಲ್ಲ. ಅಂಥ ಫಲಕ ನಿರ್ದೋಷವಾದ ಫಲಕದಂತೆಯೇ ಟಿಕ್, ಟಿಕ್, ಢಕ್, ಠಕ್ ಎಂದು ನುಡಿಯುತ್ತದೆ. ಎಷ್ಟೇ ಪಳಗಿದ ಕಿವಿಯಾದರೂ ಮೋಸಹೋಗುತ್ತದೆ. ಆದುದರಿಂದ ಕಿವಿ ಹುಡುಕಬೇಕಾದ ಸ್ಥಳವನ್ನು ತೋರಿಸಬಲ್ಲದೇ ಹೊರತು ತೀರ್ಪು ಕೊಡಲಾರದು. ತೀರ್ಪು ಮೀಟರಿನದು, ಕಣ್ಣಾರೆ ಮಾಡಿದ ಪರೀಕ್ಷೆಯದು, ಪ್ರತಿ ಮಹಡಿಯ ಬಾಗಿಲನ್ನೂ ತೆರೆದಿಟ್ಟು ಲಿಫ್ಟು ಹೊರಡುವುದಿಲ್ಲವೆಂದು ಖಚಿತಪಡಿಸಿಕೊಳ್ಳುವ ತಾಳ್ಮೆಯದು. ವಿದ್ಯುತ್ ಹರಿಯುತ್ತಿರುವ ಫಲಕಕ್ಕೆ ಕಿವಿಯನ್ನು ಹತ್ತಿರ ಒಯ್ಯುವುದಾಗಲಿ, ಕಾಂಟ್ಯಾಕ್ಟರನ್ನು ಕೈಯಿಂದ ಒತ್ತಿ ನೋಡುವುದಾಗಲಿ ಪ್ರಾಣಕ್ಕೆ ಎರವು. ಲಿಫ್ಟುಗಳನ್ನು ಕಾನೂನಿನ ಕಣ್ಗಾವಲಿಗೆ ಒಳಪಡಿಸಿದುದು ಇಂಥ ಅಪಾಯಗಳ ಅರಿವಿನಿಂದಲೇ; ಮುಂಬಯಿ ಪ್ರಾಂತದಲ್ಲಿ ಇದಕ್ಕಾಗಿ 1939ರಷ್ಟು ಹಿಂದೆಯೇ ಪ್ರತ್ಯೇಕ ಕಾಯಿದೆ ಜಾರಿಗೆ ಬಂದಿತ್ತು.

ಉಪಸಂಹಾರ

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಈ ವಿಚಾರ ದೂರದ್ದಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ರಾಜ್ಯದ ಭಾಷೆ, ಕೆಲಸದಲ್ಲಿ ಇಂಗ್ಲಿಷಿನ ಪದಗಳು ಎಂಬ ಹಂಚಿಕೆ ಅವನಿಗೆ ರೂಢಿಯಾದುದು. ರಿಲೇ, ಕಾಯಿಲ್, ಬ್ರೇಕ್ ಎಂಬ ವಸ್ತುಗಳ ಹೆಸರುಗಳನ್ನು ಎರವಲು ಪಡೆಯುವುದರಲ್ಲಿ ಕುಂದಿಲ್ಲ. ವಸ್ತು ಬಂದಾಗ ಹೆಸರೂ ಬರುತ್ತದೆ. ಆದರೆ ಆ ವಸ್ತು ಹೇಗೆ ನಡೆಯಿತು, ಹೇಗೆ ತಪ್ಪಿತು ಎಂಬುದನ್ನು ಹೇಳಲು ಬೇಕಾದ ಸಾಮಗ್ರಿ ಅವನ ತಾಯ್ನುಡಿಯಲ್ಲಿ ಮೊದಲೇ ಇದೆ. ಒಮ್ಮೆಯೋ, ಮತ್ತೆ ಮತ್ತೆಯೋ, ಎಡೆಬಿಡದೆಯೋ ಎಂಬ ಭೇದವನ್ನು ಅಜ್ಜಿಯ ಮಾತಿನಿಂದಲೇ ಅವನು ಕಲಿತಿದ್ದಾನೆ. ಒಂದೂರಿನ 'ಟಕ್' ಇನ್ನೊಂದೂರಿನ 'ಟಪ್' ಆಗಬಾರದೆಂದು ಅರ್ಥವನ್ನು ಮೊದಲೇ ನಿಗದಿಪಡಿಸಿಕೊಂಡರೆ ಸಾಕು, ಅದೇ ಪದ ಶಾಸ್ತ್ರದ ಪದವಾಗುತ್ತದೆ. ಯಂತ್ರದ ಕೋಣೆಯಿಂದ ಕೆಳಗಿನವನಿಗೆ ಕೂಗಿ ಹೇಳುವ ಒಂದು ಪದ ಸರಿಯಾಗಿದ್ದರೆ ಎರಡನೆಯ ಮಹಡಿಯ ಬೀಗ ದುರಸ್ತಿಯಾಗುತ್ತದೆ. ತಪ್ಪಿದ್ದರೆ ನಿರ್ದೋಷವಾದ ಬ್ರೇಕನ್ನು ಬಿಚ್ಚುವುದಾಗುತ್ತದೆ.

ಅಭ್ಯಾಸ

1. ಟಕ್ಕನೆ, ಕಟಕಟ, ಗುಂಯ್‌ಗುಡು: ಈ ಮೂರು ರೂಪಗಳು ಸೂಚಿಸುವ ಕಾಲಭೇದವನ್ನು ಸೋದಾಹರಣವಾಗಿ ವಿವರಿಸಿರಿ.
2. ಅನುಕರಣಾವ್ಯಯಕ್ಕೂ ದ್ವಿರುಕ್ತಿಗೂ ಇರುವ ವ್ಯತ್ಯಾಸವೇನು? ನಿಮ್ಮ ಊರಿನ ಆಡುನುಡಿಯಿಂದ ಒಂದೊಂದಕ್ಕೂ ಐದು ಉದಾಹರಣೆ ಕೊಡಿರಿ.
3. ನಿಮಗೆ ಪರಿಚಿತವಾದ ಒಂದು ಯಂತ್ರವನ್ನು, ಹೊಲಿಗೆ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ನೀರೆತ್ತುವ ಪಂಪನ್ನೋ, ಗಮನವಿಟ್ಟು ಕೇಳಿ, ಅದರ ಸರಿಯಾದ ನಡೆಯ ಸದ್ದುಗಳನ್ನು ಕ್ರಮವಾಗಿ ಬರೆಯಿರಿ. ಅದನ್ನು ಬಳಸುವವರು ಯಾವ ಸದ್ದನ್ನು ಯಾವ ದೋಷದ ಲಕ್ಷಣವೆಂದು ಗುರುತಿಸುತ್ತಾರೆ ಎಂಬುದನ್ನು ಅವರಿಂದ ಕೇಳಿ, ಅವರದೇ ಪದಗಳಲ್ಲಿ ದಾಖಲಿಸಿರಿ.
4. 'ಬಾರದ ಸದ್ದೂ ಒಂದು ಲಕ್ಷಣವೇ.' ಈ ಮಾತನ್ನು ಲೇಖನದ ಆಧಾರದಿಂದ ಸಮರ್ಥಿಸಿರಿ.